ಕೊಬ್ಬಿನ ಗುಳ್ಳೆಯೊಳಗೆ ಔಷಧದ ಪಯಣ

ರೋಗಕ್ಕೆ ಮದ್ದನ್ನು ಕಂಡುಹಿಡಿಯುವುದು ಎಷ್ಟು ಮುಖ್ಯವೋ, ಆ ಮದ್ದನ್ನು ರೋಗವಿರುವ ಎಡೆಗೆ ಸುರಕ್ಷಿತವಾಗಿ ಮುಟ್ಟಿಸುವುದೂ ಅಷ್ಟೇ ಮುಖ್ಯವಾದುದು. ೨೦೨೧ರಲ್ಲಿ ಕೋವಿಡ್ ಪಿಡುಗಿನ ಎರಡನೆಯ ಅಲೆಯ ಬೆನ್ನಿಗೇ 'ಕಪ್ಪು ಶಿಲೀಂಧ್ರ' ರೋಗವು ಕಾಡಿದಾಗ ಈ ಸತ್ಯವು ಕನ್ನಡನಾಡಿಗೆ ಕಹಿಯಾಗಿಯೇ ಮನವರಿಕೆಯಾಯಿತು. ಸಕ್ಕರೆ ಕಾಯಿಲೆಯುಳ್ಳವರನ್ನೂ ಸ್ಟೀರಾಯ್ಡ್ ಚಿಕಿತ್ಸೆ ಪಡೆದವರನ್ನೂ ಹೆಚ್ಚಾಗಿ ಹಿಡಿದ ಆ ರೋಗವು ಮೂಗಿನಿಂದ ಕಣ್ಣಿಗೂ ಮಿದುಳಿಗೂ ಹಬ್ಬುತ್ತಿತ್ತು.

ಇದಕ್ಕೆ ಮದ್ದು ಇಲ್ಲದಿರಲಿಲ್ಲ. ೧೯೫೦ರ ದಶಕದಲ್ಲಿಯೇ ದೊರೆತ ಆಂಫೋಟೆರಿಸಿನ್-ಬಿ ಎಂಬ ಔಷಧವು ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಆದರೆ ಮನುಷ್ಯನ ಕೋಶಪೊರೆಯಲ್ಲಿರುವ ಕೊಲೆಸ್ಟೆರಾಲ್ ಆ ವಸ್ತುವಿನ ಹತ್ತಿರದ ಬಂಧು. ಆದಕಾರಣ ಔಷಧವು ರೋಗಿಯ ಮೂತ್ರಪಿಂಡಗಳನ್ನೂ ಘಾಸಿಗೊಳಿಸುತ್ತದೆ.

ಪರಿಹಾರದ ಬೀಜವು ಬೇರೊಂದು ಕಡೆ ಮೊಳೆತಿತ್ತು. ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ೧೯೬೦ರ ದಶಕದಲ್ಲಿ, ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ನೀರಿನಲ್ಲಿ ತಾನಾಗಿಯೇ ಗುಳ್ಳೆಗಟ್ಟುವುದನ್ನು ಗುರುತಿಸಿದರು. ಈ ಕೊಬ್ಬಿನ ಅಣುವಿನ ತಲೆಯು ನೀರನ್ನು ಬಯಸುತ್ತದೆ. ಬಾಲವು ನೀರಿಗೆ ಹಿಂಜರಿಯುತ್ತದೆ. ಬಾಲಗಳು ನಡುವೆ ಅಡಗುವಂತೆ ಅಣುಗಳು ಎರಡು ಪದರಗಳಾಗಿ ಸುತ್ತಿಕೊಂಡಾಗ ಉಂಟಾಗುವ ಗುಳ್ಳೆಯೇ ಲೈಪೋಸೋಮ್. ಆಂಫೋಟೆರಿಸಿನ್ ಈ ಪದರದಲ್ಲಿಯೇ ನೆಲೆಗೊಳ್ಳುತ್ತದೆ. ಇಂಥ ಗುಳ್ಳೆಯ ಅಗಲ ೧೦೦ ನ್ಯಾನೋಮೀಟರಿಗಿಂತಲೂ ಕಡಿಮೆ. ಬೀಜಾಡಿಯ ಕಡಲತೀರದಲ್ಲಿ ಅರ್ಧ ಮಿಲಿಮೀಟರು ಅಗಲದ ಮರಳಿನ ಕಣವೊಂದನ್ನು ಆಯ್ದುಕೊಂಡರೆ, ಅದರ ಅಡ್ಡಳತೆಯಲ್ಲಿ ೫,೦೦೦ಕ್ಕೂ ಮಿಕ್ಕಿದ ಗುಳ್ಳೆಗಳು ಸಾಲುಗಟ್ಟಿ ನಿಲ್ಲಬಲ್ಲವು! ರಕ್ತದಲ್ಲಿ ಸಾಗುವಾಗ ಔಷಧವನ್ನು ಹಿಡಿದಿಟ್ಟುಕೊಳ್ಳುವ ಗುಳ್ಳೆಯು ಶಿಲೀಂಧ್ರಕ್ಕೆ ತಾಗಿದಾಗ ಅದನ್ನು ಬಿಟ್ಟುಕೊಡುತ್ತದೆ. ಮೂತ್ರಪಿಂಡಗಳಿಗಾಗುವ ಹಾನಿ ಪೂರ್ತಿ ಇಲ್ಲವಾಗದಿದ್ದರೂ ಬಹಳಷ್ಟು ತಗ್ಗುತ್ತದೆ.

ಆದರೆ ಈ ಔಷಧವು ದುಬಾರಿ. ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ ೫ ಮಿಲಿಗ್ರಾಮಿನಂತೆ, ೬೦ ಕಿಲೋ ತೂಕದ ರೋಗಿಗೆ ೩೦೦ ಮಿಲಿಗ್ರಾಂ, ಅಂದರೆ ೫೦ ಮಿಲಿಗ್ರಾಮಿನ ೬ ಸೀಸೆಗಳು ಬೇಕು, ಅದೂ ವಾರಗಟ್ಟಲೆ. ೨೦೨೧ರ ಮೇ ತಿಂಗಳಿನಲ್ಲಿ ರೋಗಿಗಳು ಏಕಾಏಕಿ ಹೆಚ್ಚಿದಾಗ ದೇಶದಲ್ಲಿ ಅದರ ಅಭಾವ ತಲೆದೋರಿತು. ಕೇಂದ್ರ ಸರಕಾರವು ರಾಜ್ಯಗಳಿಗೆ ಪಾಲು ಹಂಚಿಕೊಡಬೇಕಾಯಿತು. ಒಂದೊಂದು ಸೀಸೆಗಾಗಿ ಬಂಧುಗಳು ಊರೂರು ಅಲೆದರು.

ಲೈಪೋಸೋಮಿನ ಸಮೀಪದ ಬಳಗಕ್ಕೆ ಸೇರಿದ ಕೊಬ್ಬಿನ ನ್ಯಾನೋಕಣಗಳು ೨೦೨೦ರ ಅಂತ್ಯದಲ್ಲಿ ಕೆಲವು ದೇಶಗಳಲ್ಲಿ ಬಳಕೆಗೆ ಬಂದ ಎಂಆರ್‌ಎನ್‌ಎ ಲಸಿಕೆಗಳನ್ನು ಜೀವಕೋಶದೊಳಕ್ಕೆ ಸಾಗಿಸಿದವು. ವಿಷದ ಅಂಚಿನಲ್ಲಿರುವ ಮದ್ದನ್ನು ಹಿತಮಿತವಾಗಿಸುವ ಜಾಣ್ಮೆ ವಿಜ್ಞಾನಕ್ಕೆ ಒದಗಿದೆ. ಆ ಮದ್ದು ಬಡವನ ಹಾಸಿಗೆಯ ಬಳಿಗೂ ವೇಳೆಗೆ ಸರಿಯಾಗಿ ತಲುಪಿದಾಗಲೇ ಅದರ ಪಯಣವು ಪೂರ್ಣವಾದಂತೆ.