ಮನೆ ಬಿಡುವಾಗ, ಬಿಡಿಸುವಾಗ

ಕರಾರು ಪಾಲನೆ, ಅಮಾನತ್ ಎಂಬ ಮಾತುಗಳನ್ನು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮ್ಮ ಮೊಹಲ್ಲಾಗಳಲ್ಲಿ ಬಾಡಿಗೆ ಮನೆ ಖಾಲಿ ಮಾಡುವ ಮಾತು ಬಂದಾಗ ಅವು ಮರೆತುಹೋಗುತ್ತವೆ. ಮಾಲೀಕರು ಬೀಗ ಬದಲಿಸುತ್ತಾರೆ, ಇಲ್ಲವೇ ಬಾಡಿಗೆದಾರರು ಬೀಗದ ಕೈ ಕೊಡುವುದಿಲ್ಲ. ಇಬ್ಬರೂ ಒಂದೇ ಸಫ್‌ನಲ್ಲಿ ನಮಾಝಿಗೆ ನಿಲ್ಲುವವರು! ಆದ್ದರಿಂದ ಕಾನೂನು ಏನು ಹೇಳುತ್ತದೆಂದು ಇಬ್ಬರೂ ತಿಳಿದಿರುವುದು ಒಳ್ಳೆಯದು.

ನಮ್ಮಲ್ಲಿ ಹೆಚ್ಚಿನ ಕರಾರುಗಳು 11 ತಿಂಗಳಿನವು. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುವುದೇ ಇದಕ್ಕೆ ಕಾರಣ. ಅವಧಿ ಮುಗಿದಾಗ ಕರಾರು ತಾನಾಗಿಯೇ ಕೊನೆಗೊಳ್ಳುತ್ತದೆ, ಬೇರೆ ನೋಟಿಸ್ ಬೇಕಿಲ್ಲ. ಆದರೆ ಮಾಲೀಕರು 12ನೇ ತಿಂಗಳ ಬಾಡಿಗೆಯನ್ನೂ ಪಡೆದುಕೊಂಡರೆ, ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಎನಿಸುತ್ತದೆ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರಂತೆ 15 ದಿನಗಳ ನೋಟಿಸ್ ಬೇಕು. "ಹೋದ ತಿಂಗಳೇ ಬಾಯಲ್ಲಿ ಹೇಳಿದ್ದೆ" ಎಂದರೆ ಸಾಲದು. ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಕಳುಹಿಸಬಹುದು, ಕೈಗೂ ಕೊಡಬಹುದು. ಕರಾರಿನಲ್ಲಿ ಎರಡು ತಿಂಗಳು ಎಂದು ಬರೆದಿದ್ದರೆ ಅದರಂತೆಯೇ ನಡೆಯಬೇಕು. ತಾನಾಗಿ ಮನೆ ಬಿಡುವ ಬಾಡಿಗೆದಾರರಿಗೂ ಇದೇ ನಿಯಮ. ತೀರಾ ಕಡಿಮೆ ಬಾಡಿಗೆಯ ಹಳೆಯ ಮನೆಗಳಾದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಮೊದಲು ಕೇಳಿ.

ನೋಟಿಸಿನ ಗಡುವು ಮುಗಿದರೂ ಮನೆ ಬಿಡದಿದ್ದರೆ? ಸಾಮಾನು ಹೊರಗೆಸೆಯುವುದು, ಕರೆಂಟು, ನೀರು ನಿಲ್ಲಿಸುವುದು ಸಲ್ಲದು. ಕೋರ್ಟಿನಲ್ಲಿ ದಾವೆ ಹೂಡುವುದೇ ದಾರಿ. ಬಲವಂತದಿಂದ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಡಿ, 6 ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಖರ್ಚಿಗೆ ಹೆದರಿ ಸುಮ್ಮನಿರುವ ವಿಧವೆ ತಾಯಂದಿರು ನಮ್ಮಲ್ಲಿದ್ದಾರೆ. ಮಹಿಳೆಯರು ಆದಾಯ ಎಷ್ಟೇ ಇರಲಿ, ಕೋರ್ಟಿನ ಬಳಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದೆಂದು ಅವರಿಗೆ ತಿಳಿಸೋಣ.

ಕೊನೆಯದು ಅಡ್ವಾನ್ಸ್ ಹಣ. ಹೆಚ್ಚಿನ ಮನಸ್ತಾಪ ಹುಟ್ಟುವುದೇ ಇಲ್ಲಿ. ಬಾಕಿ ಬಾಡಿಗೆ, ಕರೆಂಟು ಬಿಲ್ಲು, ನಿಜವಾಗಿ ಆದ ಹಾನಿ ಮತ್ತು ಕರಾರಿನಲ್ಲಿ ಒಪ್ಪಿದ್ದು ಕಳೆದು ಉಳಿದದ್ದು ಬಾಡಿಗೆದಾರರ ಹಕ್. "ಹೊಸಬರು ಬಂದ ಮೇಲೆ ಕೊಡುತ್ತೇನೆ" ಎಂದು ಅಲೆಸಬಾರದು. ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿ. ಹಣ, ಬೀಗದ ಕೈ ಒಂದೇ ದಿನ ಕೈ ಬದಲಾಗಲಿ. ಮುಂದಿನ ಜುಮಾದಂದು ಇಬ್ಬರೂ ಮುಖ ತಿರುಗಿಸದೆ ಸಲಾಂ ಹೇಳಿಕೊಳ್ಳುವಂತಾಗಲಿ, ಇನ್‌ಶಾ ಅಲ್ಲಾಹ್.