ಇಮೇಲ್‌ನಲ್ಲಿ ಬರುವ ಗಾಳ



ನಿಮಗೆ ಹೀಗೊಂದು ಇಮೇಲ್ ಬಂದಿದೆಯೆನ್ನಿ: "ವಿದ್ಯಾರ್ಥಿವೇತನ ಮಂಜೂರಾಗಿದೆ. ಇಂದು ಸಂಜೆ 5 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ಬ್ಯಾಂಕ್ ವಿವರ ತುಂಬಿರಿ. ತಪ್ಪಿದರೆ ಹಣ ವಾಪಸಾಗುತ್ತದೆ." ಮೇಲೆ ಸರ್ಕಾರದ ಲಾಂಛನವೂ ಇದೆ. ಕಾಲೇಜು ಶುಲ್ಕ ಕಟ್ಟುವ ದಿನ ಹತ್ತಿರವಿರುವಾಗ ಯಾರ ಕೈ ತಾನೇ ಸುಮ್ಮನಿದ್ದೀತು? ಮೋಸಗಾರ ನೆಚ್ಚಿಕೊಂಡಿರುವುದು ಈ ಆತುರವನ್ನೇ. ಎರೆ ತೋರಿಸಿ ಮೀನು ಹಿಡಿಯುವಂಥ ಈ ವಂಚನೆಗೆ 'ಫಿಶಿಂಗ್' ಎಂದು ಹೆಸರು.

ಓದಿದವರು ಮೋಸಹೋಗುವುದಿಲ್ಲವೆಂದು ಭಾವಿಸಬೇಡಿ. 2016ರ ಮಾರ್ಚ್‌ನಲ್ಲಿ ಅಮೆರಿಕದ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ, ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿರೆಂಬ ಪತ್ರ ಗೂಗಲ್ ಹೆಸರಿನಲ್ಲಿ ಬಂತು. ಅದು ನಕಲಿ. ಪರಿಶೀಲಿಸಿದ ಸಹಾಯಕರು ಅದನ್ನು 'ಅಸಲಿ' ಎಂದು ಬರೆದರು. 'ಅಸಲಿ ಅಲ್ಲ' ಎನ್ನಬೇಕಿತ್ತು, ಕೈತಪ್ಪಿತು ಎಂದು ಆಮೇಲೆ ಹೇಳಿದರು. ಅವರ ಉತ್ತರದಲ್ಲಿ ಗೂಗಲ್‌ನ ನಿಜವಾದ ಲಿಂಕ್ ಕೂಡ ಇತ್ತು. ಆದರೆ ಒತ್ತಿದ್ದು ನಕಲಿಯನ್ನು. ಅದೇ ಅಕ್ಟೋಬರ್‌ನಲ್ಲಿ ಪೊಡೆಸ್ಟಾ ಅವರ ಸಾವಿರಾರು ಪತ್ರಗಳು ಬಹಿರಂಗವಾದವು.

ಹಾಗಾದರೆ ಗುರುತಿಸುವುದು ಹೇಗೆ? ಕಳುಹಿಸಿದವರ ಹೆಸರನ್ನು ನಂಬಬೇಡಿ. ಯಾರು ಯಾವ ಹೆಸರನ್ನಾದರೂ ಬರೆಯಬಹುದು. ಲಿಂಕ್‌ನ ವಿಳಾಸ ನೋಡಿ. ಅಂಚೆ ವಿಳಾಸದಲ್ಲಿ ಊರು ಕೊನೆಗೆ ಬರುವಂತೆ, ಇಲ್ಲಿಯೂ ಮೊದಲ ಒಂಟಿ ಓರೆಗೆರೆಗೆ (/) ಮುಂಚಿನ ಭಾಗದಲ್ಲಿ ಒಡೆಯನ ಹೆಸರು ಕೊನೆಗೇ ಇರುತ್ತದೆ. 'ನಿಮ್ಮಬ್ಯಾಂಕ್.ಕಾಮ್.ಬಹುಮಾನ.ಕಾಮ್' ಎಂದಿದ್ದರೆ ಅದು ಬ್ಯಾಂಕಿನದಲ್ಲ, 'ಬಹುಮಾನ.ಕಾಮ್' ಎಂಬುವರದು. ಬೀಗದ ಚಿಹ್ನೆ ಇದ್ದ ಮಾತ್ರಕ್ಕೆ ತಾಣ ಪ್ರಾಮಾಣಿಕವಾಗದು. ದಾರಿಯಲ್ಲಿ ಇತರರು ಓದಲಾರರೆಂದಷ್ಟೇ ಅದರ ಅರ್ಥ. ಹಿಂದೆ ಕಾಗುಣಿತದ ತಪ್ಪುಗಳೇ ಮೋಸವನ್ನು ತೋರಿಸಿಕೊಡುತ್ತಿದ್ದವು. ಈಗ ಯಂತ್ರಗಳೇ ತಪ್ಪಿಲ್ಲದೆ ಬರೆದುಕೊಡುವುದರಿಂದ ಆ ಗುರುತು ಸಾಲದು.

ಸಂದೇಹ ಬಂದರೆ ಲಿಂಕ್ ಒತ್ತದೆ, ಲಗತ್ತಾಗಿ ಬಂದ ಕಡತ ತೆರೆಯದೆ, ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ. ಇಲ್ಲವೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ಪಾಸ್‌ವರ್ಡ್, ಪಿನ್, ಒಟಿಪಿಗಳನ್ನು ಯಾರಿಗೂ ತಿಳಿಸಬೇಡಿ.

ಅಕಸ್ಮಾತ್ ವಿವರ ಕೊಟ್ಟುಬಿಟ್ಟಿದ್ದರೆ? ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಆ ಖಾತೆಯಲ್ಲಿ ಮನೆಯವರ ವರ್ಷದ ದುಡಿಮೆ ಇರಬಹುದು. ಒಡನೆಯೇ ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡ್ ಬದಲಾಯಿಸಿ. ಹಣ ಹೋಗಿದ್ದರೆ 1930 ಸಹಾಯವಾಣಿಗೆ ಕರೆಮಾಡಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಅವಕಾಶ ಹೆಚ್ಚು. ಆ ಇಮೇಲನ್ನು ಅಳಿಸಬೇಡಿ, ಅದೇ ಸಾಕ್ಷ್ಯ.

ಇಂದು ಮನೆಯಲ್ಲಿ ತಂದೆತಾಯಿಗಳಿಗೂ ಇದನ್ನು ವಿವರಿಸಿ ಹೇಳುವಿರಲ್ಲವೇ?