ಉಪ್ಪುನೀರಿನ ತೊಟ್ಟಿಯಲ್ಲಿ ಮೀನುಗಳ ಸಹವಾಸ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಮ್ಮ ಹಿರಿಯರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡವಿಲ್ಲದ ರಾಜ್ಯದ ಅವಸ್ಥೆಯನ್ನು ಹೇಳುವಾಗ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಮಾತೇ ಬರುತ್ತದೆ. ಆದರೆ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನಿಟ್ಟು, ಅದರಲ್ಲಿ ಹವಳವನ್ನೂ ಬಣ್ಣದ ಮೀನುಗಳನ್ನೂ ಸಾಕಬೇಕೆನ್ನುವ ಗೃಹಸ್ಥನು ಹೆದರಬೇಕಾದದ್ದು ಮತ್ಸ್ಯನ್ಯಾಯಕ್ಕಿಂತ ಹೆಚ್ಚಾಗಿ ದಾಯಾದಿ ಮತ್ಸರಕ್ಕೆ. ನುಂಗುವಷ್ಟು ದೊಡ್ಡ ಮೀನನ್ನು ಚಿಕ್ಕದರೊಡನೆ ಬಿಡಬಾರದೆಂಬುದು ಮಕ್ಕಳಿಗೂ ತಿಳಿಯುವ ಸಂಗತಿ. ಒಂದೇ ಗಾತ್ರದ, ಒಂದೇ ಬಗೆಯ ಮನೆಯನ್ನೂ ಆಹಾರವನ್ನೂ ಬಯಸುವ ಎರಡು ಮೀನುಗಳೊಳಗೆ ಹುಟ್ಟುವ ಹಗೆ ಮಾತ್ರ ಅಂಗಡಿಯಲ್ಲಿ ನಿಂತು ನೋಡುವವನ ಕಣ್ಣಿಗೆ ಕಾಣುವಂಥದಲ್ಲ.

ಆಸ್ಟ್ರಿಯಾ ದೇಶದ ಪ್ರಾಣಿಶಾಸ್ತ್ರಜ್ಞರಾದ ಕೊನ್ರಾಡ್ ಲೊರೆನ್ಸ್ ಅವರು ಪ್ರಾಣಿಗಳ ಕಲಹಬುದ್ಧಿಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥವು ಹವಳದ ದಿಬ್ಬದ ಮೀನುಗಳಿಂದಲೇ ಆರಂಭವಾಗುತ್ತದೆ. ಗೋಡೆಗೆ ಹಚ್ಚಿದ ಜಾಹೀರಾತಿನಂತೆ ಎದ್ದು ಕಾಣುವ ಬಣ್ಣದ ಮೀನು ತನ್ನ ಜಾತಿಯ ಇನ್ನೊಂದನ್ನು ಹತ್ತಿರ ಸೇರಿಸದೆಂದೂ, ಅದರ ಬಣ್ಣವೇ ಈ ಜಾಗ ತನ್ನದೆಂದು ಸಾರುವ ಡಂಗುರವೆಂದೂ ಅವರು ನಿರೂಪಿಸಿದರು. ಈ ಮಾತು ಪೂರ್ಣ ಸತ್ಯವಲ್ಲವೆಂದು ಅನಂತರದ ವಿದ್ವಾಂಸರು ತೋರಿಸಿರುವುದುಂಟು. ಬಂಡೆಯ ಮೇಲಿನ ಪಾಚಿಯನ್ನು ಹೊಲದಂತೆ ಕಾಯುವ ಕೆಲವು ಡ್ಯಾಮ್ಸೆಲ್ ಮೀನುಗಳು ಆ ಪಾಚಿಯನ್ನು ತಿನ್ನುವ ಅನ್ಯಜಾತಿಯವನ್ನೂ ಅಟ್ಟಿಸಿಕೊಂಡು ಹೋಗುತ್ತವೆ. ಒಟ್ಟಿನಲ್ಲಿ, ಒಂದೇ ಬಿಲಕ್ಕೂ ಒಂದೇ ತುತ್ತಿಗೂ ಆಸೆಪಡುವವು ವೈರಿಗಳು. ಕಡಲಿನಲ್ಲಿ ಈ ಜಗಳಗಳು ಬೇಗನೆ ತೀರುತ್ತವೆ. ಸೋತದ್ದು ನಾಲ್ಕು ಮಾರು ದೂರಕ್ಕೆ ಓಡಿದರೆ ಗೆದ್ದದ್ದು ಮರೆತುಬಿಡುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ನಾಲ್ಕು ಮಾರು ಎಲ್ಲಿಂದ ಬರಬೇಕು? ಸೋತ ಮೀನು ಗೆದ್ದದ್ದರ ಕಣ್ಣೆದುರಿನಲ್ಲಿಯೇ ಇದ್ದು, ಮೂಲೆಯಲ್ಲಿ ಅಡಗಿ, ಆಹಾರಕ್ಕೆ ಹೊರಬರಲಾರದೆ, ಹರಿದ ರೆಕ್ಕೆಗಳೊಡನೆ ವಾರದೊಳಗೆ ಸಾಯುತ್ತದೆ. ಮನೆಯವರು ನೀರು ಕೆಟ್ಟಿತೆಂದು ಭಾವಿಸುತ್ತಾರೆ.

ಉದ್ದ 60, ಅಗಲ 40, ಎತ್ತರ 40 ಸೆಂಟಿಮೀಟರುಗಳ ತೊಟ್ಟಿಯು ಹಿಡಿಯುವುದು 96 ಲೀಟರು. ಕಲ್ಲು, ಮರಳುಗಳು ಸೇರಿದ ಮೇಲೆ ಉಳಿಯುವ ನೀರು ಇನ್ನೂ ಕಡಿಮೆ. ಇದರಲ್ಲಿ ನಾಲ್ಕು ಚಿಕ್ಕ ಮೀನುಗಳಿದ್ದರೆ ಸಾಕೆಂಬುದು ನಮ್ಮ ಅಭಿಪ್ರಾಯ. ಸಿಹಿನೀರಿನಲ್ಲಿ ಇಪ್ಪತ್ತು ಗಪ್ಪಿಗಳನ್ನು ಸಾಕಿದವರಿಗೆ ಇದು ಜಿಪುಣತನವಾಗಿ ತೋರಬಹುದು. ಸ್ಥಳದ ವಿಷಯದಲ್ಲಿ ಕಡಲಿನ ಮೀನುಗಳೇ ಜಿಪುಣರು.

ಮೊದಲು ಎಲ್ಲರೂ ಬಯಸುವ ಕ್ಲೌನ್ ಮೀನಿನ ಮಾತು. ಕಿತ್ತಳೆ ಮೈ, ಮೂರು ಬಿಳಿಯ ಪಟ್ಟೆಗಳು. 2003ರ 'ಫೈಂಡಿಂಗ್ ನೀಮೋ' ಚಲನಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದದ್ದು. ಈ ಮೀನುಗಳ ಮರಿಗಳಲ್ಲಿ ಹುಟ್ಟಾ ಹೆಣ್ಣೆಂಬುದಿಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ಕೆಳಗಿನದು ಗಂಡು, ಉಳಿದವು ಬೆಳೆಯದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಕಿರಿಯವುಗಳಲ್ಲಿ ಹಿರಿಯದು ಗಂಡಿನ ಪಟ್ಟಕ್ಕೇರುತ್ತದೆ. (ಶಾಸ್ತ್ರದಂತೆ ನಡೆದಿದ್ದರೆ ಆ ಚಲನಚಿತ್ರದ ತಂದೆಯೇ ತಾಯಿಯಾಗಬೇಕಾಗಿತ್ತು.) ಹೆಂಡತಿಯೆಂಬ ಅರ್ಥದಲ್ಲಿ ದಾರ ಶಬ್ದವು ಪುಲ್ಲಿಂಗ, ಕಲತ್ರ ಶಬ್ದವು ನಪುಂಸಕಲಿಂಗ ಎಂದು ಬಾಲಕರಿಗೆ ಪಾಠ ಹೇಳಿ ತಲೆ ನರೆತ ನಮಗೆ ಇದು ಅಷ್ಟೇನೂ ಆಶ್ಚರ್ಯವೆನಿಸಲಿಲ್ಲ. ಇದರಿಂದ ಕೊಳ್ಳುವವನಿಗಾಗುವ ಉಪಯೋಗವೇನೆಂದರೆ, ಗಂಡು ಯಾವುದು, ಹೆಣ್ಣು ಯಾವುದು ಎಂದು ಅಂಗಡಿಯವನನ್ನು ಕಾಡಬೇಕಾಗಿಲ್ಲ. ಒಂದೇ ಜಾತಿಯ ಎರಡು ಎಳೆಯ ಮೀನುಗಳನ್ನು, ಒಂದನ್ನು ಕೊಂಚ ದೊಡ್ಡದಾಗಿಯೂ ಇನ್ನೊಂದನ್ನು ಕೊಂಚ ಚಿಕ್ಕದಾಗಿಯೂ ಆರಿಸಿ, ಒಂದೇ ದಿನ ಬಿಟ್ಟರೆ ಅವು ತಮ್ಮ ದಾಂಪತ್ಯವನ್ನು ತಾವೇ ನಿಶ್ಚಯಿಸಿಕೊಳ್ಳುತ್ತವೆ. ಮೂರನೆಯದನ್ನು ಬಿಡಕೂಡದು, ಬೇರೆ ಜಾತಿಯ ಕ್ಲೌನ್ ಮೀನನ್ನಂತೂ ಸರ್ವಥಾ ಕೂಡದು. ಇವು ಕಡಲಿನಲ್ಲಿ ವಾಸಿಸುವ ಅನಿಮೋನ್ ಎಂಬ ಹೂವಿನಾಕಾರದ ಜೀವಿಯೂ ಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಅದಕ್ಕೆ ಪ್ರಖರವಾದ ಬೆಳಕು ಬೇಕು, ಹದಗೊಂಡ ಹಳೆಯ ತೊಟ್ಟಿ ಬೇಕು. ಅಲ್ಲದೆ ಅದು ನೆಲೆ ಬಿಟ್ಟು ಸಂಚರಿಸುತ್ತ ಹವಳಗಳನ್ನು ಕುಟುಕುತ್ತದೆ. ಅದಿಲ್ಲದೆಯೂ ಮೀನುಗಳು ಚೆನ್ನಾಗಿಯೇ ಬಾಳುತ್ತವೆ.

ಡ್ಯಾಮ್ಸೆಲ್ ಮೀನುಗಳ ನೀಲಿಯ ಬಣ್ಣಕ್ಕೆ ಸಾಟಿಯಿಲ್ಲ. ಬೆಲೆಯೂ ಅಗ್ಗ, ಪ್ರಾಣವೂ ಗಟ್ಟಿ. ಮೋಸಹೋಗುವುದು ಇಲ್ಲಿಯೇ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರಿಗೆ ಅಂಗಡಿಯವನೊಬ್ಬನು, ನೀರು ಹದವಾಗುವುದಕ್ಕೆ ಮೊದಲು ಇಂಥ ಮೂರನ್ನು ಬಿಡಿರೆಂದು ಉಪದೇಶಿಸಿದನು. ತಿಂಗಳೊಳಗೆ ಮೂರರಲ್ಲಿ ಒಂದೇ ಉಳಿಯಿತು. ಉಳಿದದ್ದು ತೊಟ್ಟಿಯನ್ನೆಲ್ಲ ತನ್ನ ಜಹಗೀರಿಯೆಂದು ತಿಳಿದು, ಆಮೇಲೆ ಬಂದ ಪ್ರತಿಯೊಂದು ಮೀನನ್ನೂ ಕಚ್ಚಿ ಓಡಿಸತೊಡಗಿತು. ಅದನ್ನು ಹಿಡಿಯುವುದಕ್ಕಾಗಿ ಕಲ್ಲುಗಳನ್ನೆಲ್ಲ ಹೊರತೆಗೆದು, ಕಟ್ಟಿದ ಹವಳದ ದಿಬ್ಬವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ನೀರು ಹದವಾಗುವುದಕ್ಕೆ ಮೀನು ಬೇಕಾಗಿಯೇ ಇಲ್ಲ. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಲು ಸುಮಾರು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಅವುಗಳಿಗೆ ಆಹಾರವಾಗಿ ಅಮೋನಿಯವನ್ನೇ ಅಳತೆಯಿಂದ ಹಾಕಿ ಕಾದರೆ ಸಾಕು.

ರೂಪವನ್ನು ನೋಡಿ ಮೋಸಹೋಗುವುದಕ್ಕೆ ಇನ್ನೊಂದು ಉದಾಹರಣೆ. ಕೆರಿಬಿಯನ್ ಸಮುದ್ರದ ರಾಯಲ್ ಗ್ರಾಮಾ ಎಂಬ ಮೀನಿಗೆ ಮುಂಭಾಗ ನೇರಳೆ, ಹಿಂಭಾಗ ಹಳದಿ. ತನ್ನ ಗುಹೆಯೊಂದಿದ್ದರೆ ಸಾಧು. ಪಶ್ಚಿಮ ಪೆಸಿಫಿಕ್ ಸಾಗರದ ರಾಯಲ್ ಡಾಟಿಬ್ಯಾಕ್ ಎಂಬುದಕ್ಕೂ ಅದೇ ಎರಡು ಬಣ್ಣಗಳು, ಆದರೆ ಮಹಾ ಕಲಹಪ್ರಿಯ. ಮೊದಲನೆಯದರ ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆಯೊಂದಿರುತ್ತದೆ, ಎರಡನೆಯದರಲ್ಲಿ ಇಲ್ಲ. ದುಡ್ಡು ಕೊಡುವ ಮೊದಲು ಆ ಮಚ್ಚೆಯನ್ನು ನೋಡಿಕೊಳ್ಳತಕ್ಕದ್ದು.

ಇಷ್ಟು ಜಗಳಗಳನ್ನು ಹೇಳಿದ ಮೇಲೆ ಒಂದು ಸ್ನೇಹವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮರಳಿನಲ್ಲಿ ಬಿಲ ತೋಡುವ ಪಿಸ್ತೂಲು ಸಿಗಡಿಗೆ ಕಣ್ಣು ಮಂದ. ಬಿಲದ ಬಾಯಲ್ಲಿ ಕಾವಲು ನಿಲ್ಲುವ ಗೋಬಿ ಮೀನಿಗೆ ದೃಷ್ಟಿ ಚುರುಕು, ಆದರೆ ಅಂಥ ಬಿಲ ತೋಡುವ ಶಕ್ತಿಯಿಲ್ಲ. ಸಿಗಡಿಯು ಮರಳನ್ನು ಹೊತ್ತು ಹೊರಗೆ ಬರುವಾಗಲೆಲ್ಲ ತನ್ನ ಉದ್ದನೆಯ ಮೀಸೆಯನ್ನು ಗೋಬಿಯ ಮೈಗೆ ಮುಟ್ಟಿಸಿಕೊಂಡಿರುತ್ತದೆ. ಅಪಾಯ ಕಂಡರೆ ಗೋಬಿಯು ಬಾಲವನ್ನು ಅದಿರಿಸುತ್ತದೆ. ಸಿಗಡಿ ಒಳಗೆ ಓಡುತ್ತದೆ, ಗೋಬಿಯೂ ಹಿಂಬಾಲಿಸುತ್ತದೆ. ಕುರುಡ ಕುಂಟರ ಕಥೆಯನ್ನು ಬಲ್ಲ ನಮ್ಮ ಮನೆಯ ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸುವುದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಆದರೆ ಸಿಗಡಿಯು ಇಕ್ಕುಳದಿಂದ ಚಟ್ಟನೆ ಮಾಡುವ ಸದ್ದಿಗೆ, ಗಾಜು ಒಡೆಯಿತೆಂದು ಮನೆಯವರು ಬೆಚ್ಚುವುದುಂಟು. ಕಲ್ಲುಗಳನ್ನು ಮರಳಿನ ಮೇಲಿಡದೆ ತೊಟ್ಟಿಯ ತಳಕ್ಕೇ ಕೂರಿಸಿ, ಅನಂತರ ಸುತ್ತಲೂ ಮರಳು ತುಂಬಬೇಕು. ಇಲ್ಲವಾದರೆ ಬಿಲ ತೋಡಿದಂತೆ ಕಲ್ಲು ಕುಸಿದು ತೋಡಿದವನ ಮೇಲೆಯೇ ಬೀಳುತ್ತದೆ.

ಯಾರಿಗೂ ಕೇಡು ಮಾಡದೆ ತಾವೇ ಸಾಯುವ ಮೀನುಗಳೂ ಇವೆ. ಮ್ಯಾಂಡರಿನ್ ಮೀನಿನ ಮೈಮೇಲೆ ಬರೆದಂತಿರುವ ಚಿತ್ತಾರವನ್ನು ಕಂಡು ಮರುಳಾಗದವರಿಲ್ಲ. ಅದು ದಿನವಿಡೀ ಕಲ್ಲುಗಳ ಮೇಲಿನ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಚಿಕ್ಕ ತೊಟ್ಟಿಯಲ್ಲಿ ಅವು ಕೆಲವೇ ವಾರಗಳಲ್ಲಿ ಮುಗಿಯುತ್ತವೆ, ಅಂಗಡಿಯ ಆಹಾರವನ್ನು ಬಹುಪಾಲು ಮ್ಯಾಂಡರಿನ್‌ಗಳು ಮುಟ್ಟುವುದಿಲ್ಲ. ಇತರ ಮೀನುಗಳ ಮೈಯ ಕ್ರಿಮಿಗಳನ್ನು ತಿಂದು ಬದುಕುವ ಕ್ಲೀನರ್ ರ‍್ಯಾಸ್ ಮೀನಿನ ಗತಿಯೂ ಅಂಥದೇ. ನೀಲಿಯ ಟ್ಯಾಂಗ್ ಮೀನನ್ನು ಹೆಬ್ಬೆರಳುದ್ದದ ಮರಿಯಾಗಿ ಮಾರುತ್ತಾರೆ. ಅದು ಬೆಳೆದರೆ 30 ಸೆಂಟಿಮೀಟರಿನವರೆಗೆ ಆಗಬಲ್ಲದು, ಅಂದರೆ ಮೇಲೆ ಹೇಳಿದ ತೊಟ್ಟಿಯ ಅರ್ಧದಷ್ಟು. ಚಿಟ್ಟೆಮೀನುಗಳಲ್ಲಿ ಹಲವಕ್ಕೆ ಹವಳವೇ ಆಹಾರವಾದ್ದರಿಂದ ಅವುಗಳ ಮಾತನ್ನೇ ಎತ್ತುವುದಿಲ್ಲ. ಹವಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆಯು 2001ರಲ್ಲಿ ನಮ್ಮ ಕಡಲಿನ ಹವಳಗಳಿಗೂ ಕಡಲಕುದುರೆಗಳಿಗೂ ವಿಸ್ತರಿಸಿತು. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಹವಳವನ್ನು ಕಿತ್ತು ತರುವುದು ಅಪರಾಧ. ಮಾರುವವನನ್ನು ಕಾಗದಪತ್ರ ಕೇಳಲು ಸಂಕೋಚಪಡಬಾರದು. ಮೀನುಗಳಲ್ಲಿಯೂ ಕಡಲಿನಿಂದ ಹಿಡಿದದ್ದಕ್ಕಿಂತ ತೊಟ್ಟಿಯಲ್ಲಿ ಹುಟ್ಟಿ ಬೆಳೆದದ್ದನ್ನು ಆರಿಸುವುದು ಮೇಲು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳ ಮರಿ ಮಾಡಿಸುವ ಕ್ರಮವನ್ನು ನಮ್ಮ ದೇಶದಲ್ಲಿಯೇ ಸಾಧಿಸಿದ್ದಾರೆ.

ಹಾಗಾದರೆ ಯಾವ ನಾಲ್ಕು? ನಮ್ಮನ್ನು ಕೇಳಿದರೆ ಕ್ಲೌನ್ ಮೀನುಗಳ ಜೋಡಿ, ಸಿಗಡಿಯೊಡನೆ ಒಂದು ಗೋಬಿ, ಒಂದು ಫೈರ್‌ಫಿಷ್. ಗೋಬಿಯು ಮರಳಿನದು, ಫೈರ್‌ಫಿಷ್ ಕಲ್ಲಿನ ಮುಂದೆ ತೇಲಿ ನಿಲ್ಲುವಂಥದು, ಕ್ಲೌನ್ ಜೋಡಿ ಮೇಲಿನ ಮೂಲೆಯೊಂದನ್ನು ಹಿಡಿಯುತ್ತದೆ. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಬರುವ ಕಾರಣವಿಲ್ಲ. ಬಿಡುವ ಕ್ರಮವೂ ಮುಖ್ಯ. ಅಂಜುಬುರುಕವಾದ ಫೈರ್‌ಫಿಷ್ ಮೊದಲು, ಆಮೇಲೆ ಗೋಬಿ, ಕಡೆಗೆ ಕ್ಲೌನ್‌ಗಳು. ಮೊದಲು ಬಂದವರು ಯಜಮಾನರಾಗುವುದು ನೀರಿನಲ್ಲಿಯೂ ಉಂಟು. ಪ್ರತಿಯೊಂದು ಮೀನನ್ನೂ ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ಬಿಳಿಚುಕ್ಕೆಯ ರೋಗವಿಲ್ಲವೆಂದು ನೋಡಿಕೊಳ್ಳಬೇಕು. ಆ ರೋಗಕ್ಕೆ ಕೊಡುವ ತಾಮ್ರದ ಔಷಧವು ಹವಳಕ್ಕೂ ಸಿಗಡಿಗೂ ವಿಷವಾದ್ದರಿಂದ, ಮುಖ್ಯ ತೊಟ್ಟಿಗೆ ರೋಗ ಹೊಕ್ಕ ಮೇಲೆ ಅಲ್ಲಿಯೇ ಚಿಕಿತ್ಸೆ ಮಾಡುವಂತಿಲ್ಲ. ಹೊಸ ಮೀನನ್ನು ಬಿಟ್ಟ ರಾತ್ರಿ ದೀಪವನ್ನಾರಿಸಿ, ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಹೊದಿಸಿಡತಕ್ಕದ್ದು. ಬೆದರಿದ ಫೈರ್‌ಫಿಷ್ ಬೆರಳಗಲದ ಸಂದಿಯಿದ್ದರೂ ಹೊರಕ್ಕೆ ನೆಗೆಯುತ್ತದೆ.